ಅರವತ್ತೆರಡನೆಯ ಮುಷ್ಟಿ

ಮದ್ದಕ್ಕನಿಗೆ ಹೆದರಿಕೆ ಹೊಸದಲ್ಲ. ಇಪ್ಪತ್ತೆರಡು ವರ್ಷ ಕಲ್ಲುಕ್ವಾರಿಯಲ್ಲಿ ಬಂಡೆಗೆ ಕುಳಿ ಹೊಡೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಕೊಟ್ಟವಳು. ಆ ಕೆಲಸದಲ್ಲಿ ಹೆದರದೆ ಮೆರೆದ ಇಬ್ಬರನ್ನು ಕಲ್ಲಿನಡಿಯಿಂದ ಎಳೆದು ತೆಗೆದವಳೂ ಅವಳೇ. ಅವಳ ಹೆದರಿಕೆಗೆ ಒಂದು ಅಳತೆ ಇತ್ತು: ಬತ್ತಿ ಹತ್ತಿದಾಗ ಶುರು, ಸದ್ದಾದಾಗ ಮುಗಿಯಿತು. ಆಮೇಲೆ ಡಬ್ಬಿ ಬಿಚ್ಚಿ ಊಟ. ಗೂಟ ಬಿದ್ದ ಮೇಲೆ ಬಂದ ಹೆದರಿಕೆಗೆ ಮಾತ್ರ ತುದಿಮೊದಲು ಸಿಗುತ್ತಿರಲಿಲ್ಲ.

ಗೂಟ ಬಿದ್ದದ್ದು ಬಸ್ ಡಿಪೋದ ಅಂಗಳದಲ್ಲಿ, ಒಂದು ಸೋಮವಾರ ಬೆಳಿಗ್ಗೆ. ಮೂರು ಮಹಡಿ ಎತ್ತರ, ಹಲ್ಲಿನ ಬಣ್ಣ. ಮೇಲಿಂದ ಯಾರೋ ಅಳತೆ ಹಿಡಿದು ಜಡಿದ ಹಾಗೆ ನೆಟ್ಟಗೆ ನಿಂತಿತ್ತು. ಅದೇ ದಿನ ಭೂಮಿಯ ಮೇಲೆ ಅಂಥವು ಅರವತ್ತೊಂದು ಬಿದ್ದವು. ಫೋನು, ರೇಡಿಯೊ ಎಲ್ಲ ಗೊರಗೊರ ಅಂದು ಸತ್ತವು. ಗಡಿಯಾರಗಳು ಒಂದೊಂದು ಗೋಡೆಯ ಮೇಲೆ ಒಂದೊಂದು ಹೊತ್ತು ತೋರಿಸತೊಡಗಿದವು. ಎಲ್ಲೋ ಸೈನ್ಯದವರು ದೂರದಿಂದ ಫಿರಂಗಿ ಹೊಡೆದು ಒಂದು ಗೂಟವನ್ನು ಉರುಳಿಸಿದರಂತೆ. ಉಳಿದ ಅರವತ್ತೂ ಸೇರಿ ಗುಂಯ್‌ಗುಟ್ಟಿ, ನೋಡುತ್ತಿದ್ದಂತೆಯೇ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದವಂತೆ.

ಮೊದಲು ಜನ ನೋಡಲು ಹೋದರು. ಹೋದವರು ವಾಪಸು ಬರಲಿಲ್ಲ. ಗೂಟದ ಕಡೆ ಮುಖ ಮಾಡಿ, ಬಾಯಿ ಚೂರು ತೆರೆದು, ಸುಮ್ಮನೆ ನಿಂತುಬಿಟ್ಟರು. ಅವರನ್ನು ಕರೆತರಲು ಹೋದವರೂ ನಿಂತರು. ನಾನೂರಕ್ಕೂ ಮಿಕ್ಕಿದ ಜನ. ಅನ್ನವಿಲ್ಲ, ನೀರಿಲ್ಲ, ಆದರೂ ಸಾಯಲಿಲ್ಲ. ದಿನದಿಂದ ದಿನಕ್ಕೆ ಗಿಡ್ಡವಾಗುತ್ತಿದ್ದಾರೆ ಎಂದು ಯಾರೋ ಹೇಳಿದಾಗ ಜನ ನಂಬಲಿಲ್ಲ. ನಾಲ್ಕನೆಯ ದಿನ ದುರ್ಬೀನು ಹಿಡಿದು ನೋಡಿದರೆ, ಡಿಪೋದ ಕಾಂಕ್ರೀಟು ಅವರ ಪಾದಗಳನ್ನು ನುಂಗಿತ್ತು. ದಿನಕ್ಕೆ ಒಂದು ಬೆರಳಿನಷ್ಟು ಅವರು ಕೆಳಗೆ ಇಳಿಯುತ್ತಿದ್ದರು. ಗೂಟದ ತೀರಾ ಹತ್ತಿರ ಇದ್ದವರು ಇನ್ನೂ ಬೇಗ.

ಅವರಲ್ಲಿ ಮದ್ದಕ್ಕನ ತಮ್ಮನೂ ಇದ್ದ. ಕ್ವಾರಿಯ ಟಿಪ್ಪರ್ ಓಡಿಸುತ್ತಿದ್ದವನು. ಕ್ಲೀನರನನ್ನು ಎಳೆದು ತರುತ್ತೇನೆಂದು ಎರಡನೆಯ ದಿನ ಹೋದವನು, ಅವನ ಪಕ್ಕದಲ್ಲೇ ನಿಂತಿದ್ದ.

ದಾರಿ ತೋರಿಸಿದ್ದು ಇನ್ನೊಂದು ಊರಿನ ಒಬ್ಬ ಲಕ್ವದ ರೋಗಿ. ನರದ ಆಸ್ಪತ್ರೆಗಳಲ್ಲಿ ರೋಗಿಯ ಕಿವಿಯ ಹಿಂದೆ ಒಂದು, ಗಟ್ಟಿಮುಟ್ಟಾದವರೊಬ್ಬರ ಕಿವಿಯ ಹಿಂದೆ ಇನ್ನೊಂದು ಮಣಿಯಷ್ಟೇ ಸಣ್ಣ ಯಂತ್ರ ಕೂರಿಸುತ್ತಿದ್ದರು. ಇವರು ಕೈ ಎತ್ತಿದರೆ ಅವರ ಕೈಗೂ ಎತ್ತುವ ನೆನಪು ಬರಲಿ ಎಂದು. ಹಾಗೆ ಮಣಿ ಕೂರಿಸಿಕೊಂಡಿದ್ದ ಆ ರೋಗಿ ಮತ್ತು ಅವನ ಹೆಂಡತಿ ಗೂಟದ ಪಕ್ಕದಲ್ಲೇ ಹಾದು ಮನೆಗೆ ಬಂದರಂತೆ. ಒಬ್ಬರನ್ನು ಅದು ಎಳೆದರೆ ಇನ್ನೊಬ್ಬರು ತಡೆದು ಹಿಡಿದಿದ್ದರು. ಸುದ್ದಿ ಕಾಗದದ ಮೇಲೆ, ಜೀಪಿನಲ್ಲಿ, ಹಡಗಿನಲ್ಲಿ ಊರೂರು ತಿರುಗಿತು. ಒಂದೊಂದು ಗೂಟಕ್ಕೆ ಒಬ್ಬರಂತೆ ಅರವತ್ತೊಂದು ಜನಕ್ಕೆ ಮಣಿ ಕೂರಿಸುವುದು, ಅಷ್ಟೂ ಗೂಟಗಳ ಬುಡಕ್ಕೆ ಒಂದೇ ಗಳಿಗೆಯಲ್ಲಿ ಮದ್ದಿಡುವುದು ಎಂದು ತೀರ್ಮಾನವಾಯಿತು. ಮಣಿಯೊಂದು ಬಿಟ್ಟರೆ ಗೂಟದ ಹತ್ತಿರ ಕರೆಂಟಿನ ಯಾವ ಸಾಮಾನೂ ನಡೆಯದು. ಹಾಗಾಗಿ ಕೈಯಲ್ಲಿ ಕುಳಿ ಹೊಡೆದು ಬತ್ತಿ ಹಚ್ಚಬಲ್ಲವರೇ ಬೇಕಾಯಿತು. ಈ ಊರಿನಲ್ಲಿ ಅಂಥವರು ಯಾರೆಂದು ಜೀಪಿನವರು ಕೇಳಿದಾಗ ಇಡೀ ಬೀದಿ ಒಂದೇ ಮನೆಯ ಕಡೆ ಕೈ ತೋರಿಸಿತು.

"ನಾನು ಒಲ್ಲೆ ಅಂದ್ರೆ?" ಎಂದು ಮದ್ದಕ್ಕ ಕೇಳಿದಳು.

ಜೀಪಿನ ಜೊತೆ ಬಂದಿದ್ದ ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. ಮದ್ದಕ್ಕನನ್ನು ಒಂಬತ್ತನೇ ಕ್ಲಾಸಿನಲ್ಲಿ ಬೆಂಚಿನ ಮೇಲೆ ನಿಲ್ಲಿಸಿದವರು. "ಒಲ್ಲೆ ಅಂದ್ರೆ ನಾನೇ ಹೋಗ್ಬೇಕಮ್ಮಾ. ನಂಗೆ ಪಟಾಕಿ ಹಚ್ಚೋಕೂ ಕೈ ನಡುಗುತ್ತೆ."

ಅವಳಿಗೆ ನಗು ಬಂತು. ಅದರ ಬೆನ್ನಿಗೇ ಅಳು ಬಂತು. ಮರುದಿನ ಆಸ್ಪತ್ರೆಯಲ್ಲಿ ಮಣಿ ಕೂರಿಸಿಕೊಂಡಳು. ತಮ್ಮನ ಹೆಂಡತಿ ಅಲ್ಲೇ ರಕ್ತ ತೆಗೆಯುವ ಕೆಲಸದಲ್ಲಿದ್ದಳು. ಡಾಕ್ಟರು ಸೂಜಿ ಚುಚ್ಚುವಾಗ ಅವಳೇ ತಲೆ ಹಿಡಿದುಕೊಂಡಳು. ಅವಳ ಕೈ ಐಸಿನಂತೆ ಕೊರೆಯುತ್ತಿತ್ತು.

ಮಣಿಯಲ್ಲಿ ಮಾತು ಬರುತ್ತಿರಲಿಲ್ಲ, ಮೈ ಮಾತ್ರ ಬರುತ್ತಿತ್ತು. ಮೊದಲ ದಿನ ಮದ್ದಕ್ಕ ಗೋಡೆಗೆ ಒರಗಿ ಕೂತು ಬೆವರಿದಳು. ಅರವತ್ತು ಅಪರಿಚಿತರು ಅವಳ ಚರ್ಮದೊಳಗೆ ಬಂದು ಕೂತಿದ್ದರು. ಒಬ್ಬನಿಗೆ ದವಡೆಯ ಹಲ್ಲು ಸಿಡಿಯುತ್ತಿತ್ತು. ಒಬ್ಬಳು ತುಂಬು ಬಸುರಿ. ಕೂಸು ಒದ್ದರೆ ಮದ್ದಕ್ಕನ ಬಂಜೆ ಹೊಟ್ಟೆಯೂ ಜುಂ ಎನ್ನುತ್ತಿತ್ತು. ಒಬ್ಬ ಎಲ್ಲಕ್ಕೂ ಎಡಗೈ ಮುಂದೆ ಮಾಡುತ್ತಿದ್ದ. ಅವಳಿಗೆ ಬೆಳಿಗ್ಗೆಯಾದರೆ ಅರ್ಧ ಜನಕ್ಕೆ ನಿದ್ದೆಯ ಹೊತ್ತು, ಅವರ ಆಕಳಿಕೆಗೆ ಇವಳ ಬಾಯಿ ತೆರೆದುಕೊಳ್ಳುತ್ತಿತ್ತು. ಎಲ್ಲಿಯೋ ಯಾರೋ ಪುಣ್ಯಾತ್ಮ ಬೆನ್ನು ಕೆರೆದುಕೊಂಡರೆ ಇವಳಿಗೆ ಹಾಯೆನಿಸುತ್ತಿತ್ತು. ಹೆಸರು, ಮುಖ, ಭಾಷೆ ಒಂದೂ ಗೊತ್ತಿಲ್ಲ. ಅವಳೇ ಹೆಸರಿಟ್ಟುಕೊಂಡಳು: ಹಲ್ಲುನೋವು, ಬಸುರಿ, ಎಡಗೈ.

"ಇಷ್ಟು ದೂರ ಹೇಗೆ ಬರುತ್ತೆ ಮೇಷ್ಟ್ರೇ? ಫೋನೇ ಸತ್ತಿದೆಯಲ್ಲ?"

ಮೇಷ್ಟ್ರು ಬೆರಳಿನಿಂದ ಗಾಳಿಯಲ್ಲಿ ಒಂದು ಗೆರೆ ಎಳೆದರು. "ಗೂಟಗಳು ಒಂದಕ್ಕೊಂದು ಮಾತಾಡ್ಕೊಳ್ಳೋ ದಾರಿ ಒಂದಿದೆ. ನಿಮ್ಮ ಮಣಿಯ ಸುದ್ದೀನೂ ಅದೇ ದಾರೀಲಿ ಹೋಗ್ತಾ ಇದೆ ಅನ್ನಿಸುತ್ತೆ."

"ಅಂದ್ರೆ ನಾವು ಅವುಗಳ ಹಿತ್ತಲಲ್ಲೇ ಓಡಾಡ್ತಾ ಇದ್ದೀವಿ."

"ಹೂಂ."

"ನಮ್ಮ ಹೆಜ್ಜೆ ಸದ್ದು ಅವಕ್ಕೆ ಕೇಳ್ಸಲ್ವಾ?"

"ಗೊತ್ತಿಲ್ಲಮ್ಮ," ಎಂದರು ಮೇಷ್ಟ್ರು. ಆ ಮಾತು ಅವರ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು.

ಡಿಪೋದ ಗೇಟಿನ ಹೊರಗೆ ಸುಣ್ಣದ ಗೆರೆ ಎಳೆದಿದ್ದರು. ಗೆರೆ ದಾಟಿದರೆ ಎಳೆತ ಶುರು. ಮದ್ದಕ್ಕ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಳಗೆ ಹೋಗುತ್ತಿದ್ದಳು. ಗೆರೆಯ ಈಚೆ ತಮ್ಮನ ಹೆಂಡತಿ ಹಗ್ಗದ ತುದಿ ಹಿಡಿದು ನಿಲ್ಲುತ್ತಿದ್ದಳು. ಒಳಗಿನ ಎಳೆತ ಬಲವಂತದ್ದಲ್ಲ, ಅದೇ ಭಯ. ಕೆಲಸ ಮುಗಿಸಿ ದಣಿದು ಬಂದಾಗ ಹಾಸಿಗೆ ಕರೆಯುತ್ತದಲ್ಲ, ಹಾಗೆ ಕರೆಯುತ್ತಿತ್ತು. ಸಾಕು, ನಿಲ್ಲು, ಎಂದಂತೆ. ಕಾಲು ನಿಧಾನವಾಗುತ್ತಿತ್ತು. ಆಗ ಎಲ್ಲಿಂದಲೋ ಹಲ್ಲುನೋವಿನವನು ಉಗುರಿನಿಂದ ತೊಡೆ ಚಿವುಟಿಕೊಳ್ಳುವನು, ಎಡಗೈಯವನು ಜೋರಾಗಿ ಚಪ್ಪಾಳೆ ತಟ್ಟುವನು, ಅವಳಿಗೆ ಮೈ ತಿಳಿಯುತ್ತಿತ್ತು. ಅವರು ಒಳಗೆ ಹೋಗುವ ಹೊತ್ತಿಗೆ ಇವಳು ಮನೆಯಲ್ಲಿ ಕೂತು ತಣ್ಣೀರಿಗೆ ಕೈ ಅದ್ದುತ್ತಿದ್ದಳು, ಮೆಣಸಿನಕಾಯಿ ಕಚ್ಚುತ್ತಿದ್ದಳು. ಸರದಿಯ ಮೇಲೆ ಅರ್ಧ ಜನ ಒಳಗೆ, ಅರ್ಧ ಜನ ಹೊರಗೆ. ಹೀಗೆ ಹದಿನಾರು ದಿನ ನಡೆಯಿತು.

ಗೂಟಕ್ಕೆ ಉಳಿ ಇಳಿಯಲಿಲ್ಲ. ಅವಳು ಬುಡದ ಕಾಂಕ್ರೀಟಿನಲ್ಲಿ ಓರೆಯಾಗಿ ಆರು ಕುಳಿ ಹೊಡೆದಳು. ಡಿಪೋದ ಮೂಲೆಯಲ್ಲಿ ರಾಶಿ ಬಿದ್ದಿದ್ದ ಹಳೇ ಟಯರುಗಳನ್ನು ಒಂದೊಂದಾಗಿ ಉರುಳಿಸಿ ತಂದು, ನಿಂತವರ ಮುಂದೆ ಗೋಡೆಯಂತೆ ಪೇರಿಸಿದಳು. ಸಿಡಿದ ಕಲ್ಲು ಅವರಿಗೆ ಬಡಿಯಬಾರದು. ಗೂಟಕ್ಕೆ ಅಂಟಿಕೊಂಡಂತೆ ನಿಂತಿದ್ದ ಎಂಟು ಜನಕ್ಕೆ ಮಾತ್ರ ಗೋಡೆ ಕಟ್ಟಲು ಜಾಗವಿರಲಿಲ್ಲ. ಅವರು ಎದೆಯವರೆಗೆ ಇಳಿದಿದ್ದರು. ಅವರ ಮುಖ ನೋಡದೆ ಕೆಲಸ ಮಾಡಲು ಅವಳು ಕಲಿತಳು. ತಮ್ಮ ನಿಂತಿದ್ದದ್ದು ಎರಡನೆಯ ಸಾಲಿನಲ್ಲಿ. ಒಮ್ಮೆ ಅವನ ಗಲ್ಲ ಮುಟ್ಟಿದಳು. ಬೆಚ್ಚಗಿತ್ತು. ಕಣ್ಣು ಮಿಟುಕಲಿಲ್ಲ.

ಪ್ರತಿದಿನ ಅವಳ ಲೆಕ್ಕದ ಬೆಳಿಗ್ಗೆ ಹತ್ತಕ್ಕೆ ಮುಷ್ಟಿ ಹಾಜರಿ ಇರುತ್ತಿತ್ತು. ಮಣಿ ಕೂರಿಸಿದ ಕ್ರಮದಲ್ಲಿ ಒಬ್ಬೊಬ್ಬರೂ ಒಮ್ಮೆ ಬಲಗೈ ಮುಷ್ಟಿ ಬಿಗಿಯಬೇಕು. ಎಲ್ಲರೂ ಬದುಕಿದ್ದೇವೆ, ಎಲ್ಲರೂ ಎಚ್ಚರವಾಗಿದ್ದೇವೆ ಎಂದು ಅದರ ಅರ್ಥ. ಕೊನೆಗೆ ಮಣಿ ಕೂರಿಸಿಕೊಂಡವಳು ಮದ್ದಕ್ಕ, ಆದ್ದರಿಂದ ಕೊನೆಯ ಮುಷ್ಟಿ ಅವಳದು. ಹದಿನೇಳನೆಯ ದಿನ ಅವಳು ಅಡಿಗೆಮನೆಯ ಕಟ್ಟೆಗೆ ಒರಗಿ ಎಣಿಸುತ್ತಿದ್ದಳು. ಐವತ್ತೊಂಬತ್ತು, ಅರವತ್ತು. ತಾನು ಬಿಗಿದಳು, ಅರವತ್ತೊಂದು. ಬೆರಳು ಬಿಡಿಸಿ ಟೀ ಲೋಟ ಎತ್ತಿಕೊಂಡಳು.

ಅವಳ ಬಲಗೈ ಮತ್ತೊಮ್ಮೆ ಬಿಗಿಯಿತು.

ಮೆಲ್ಲಗೆ, ಎಳೆಗೂಸು ಬೆರಳು ಹಿಡಿದಂತೆ. ಲೋಟ ಜಾರಿ ನೆಲಕ್ಕೆ ಬಿತ್ತು.

"ಏನಾಯ್ತು ಅಕ್ಕಾ?" ತಮ್ಮನ ಹೆಂಡತಿ ಓಡಿ ಬಂದಳು. ಮದ್ದಕ್ಕ ತನ್ನ ಮುಷ್ಟಿಯನ್ನೇ ನೋಡಿದಳು. ಎದೆ ಡವಗುಟ್ಟುತ್ತಿತ್ತು, ಅವಳೊಬ್ಬಳದಲ್ಲ, ಅರವತ್ತೊಂದು ಎದೆ. ಎಲ್ಲರಿಗೂ ಗೊತ್ತಾಗಿತ್ತು.

"ಯಾರೋ ಒಬ್ರು ಜಾಸ್ತಿ ಇದ್ದಾರೆ," ಎಂದಳು.

ಮೇಷ್ಟ್ರಿಗೆ ಹೇಳಿದಾಗ ಅವರು ಕುರ್ಚಿಯ ತುದಿಯಲ್ಲಿ ಕೂತರು. "ಹೇಗಿತ್ತು ಅದು? ನೋವು, ಹಸಿವು, ಏನಾದ್ರೂ?"

"ಏನೂ ಇಲ್ಲ. ಕೈ ಮಾತ್ರ. ಒಳಗೆ ಖಾಲಿ."

"ಗೂಟ ಕಲೀತಾ ಇದೆ," ಎಂದರು ಮೇಷ್ಟ್ರು.

ಮರುದಿನ ಅರವತ್ತೆರಡನೆಯ ಮುಷ್ಟಿ ಗಟ್ಟಿಯಾಗಿತ್ತು, ಅವಳ ಮುಷ್ಟಿಗೆ ಸರಿಯಾಗಿ ಬೆನ್ನಿಗೇ ಬಂತು. ಅವತ್ತು ಮಧ್ಯಾಹ್ನ ಅವಳು ಊಟದ ಡಬ್ಬಿ ಬಿಚ್ಚಲಿಲ್ಲ. ಸ್ನಾನದ ಮನೆಗೆ ಹೋಗಲೂ ಹೆದರಿಕೆ, ಕನ್ನಡಿ ನೋಡಲೂ ಹೆದರಿಕೆ. ಅವಳು ಬಟ್ಟಲು ಎತ್ತಿದರೆ ಯಾರೋ ಎತ್ತುವುದನ್ನು ನೋಡಿ ಕಲಿಯುತ್ತಿದ್ದಾರೆ ಎನ್ನಿಸುತ್ತಿತ್ತು. ಗೊತ್ತು ಮಾಡಿದ ದಿನಕ್ಕೆ ಇನ್ನೂ ಎರಡು ದಿನ ಇತ್ತು. ತಮ್ಮ ಮಂಡಿಯವರೆಗೆ ಇಳಿದಿದ್ದ.

ಹತ್ತೊಂಬತ್ತನೆಯ ದಿನ ಹಾಜರಿಯ ಹೊತ್ತಿಗೆ ಅವಳು ಸುಣ್ಣದ ಗೆರೆಯ ಬಳಿಯೇ ಇದ್ದಳು. ಕುಳಿಗಳಿಗೆ ಮದ್ದು ತುಂಬಿ, ಜೇಡಿಮಣ್ಣು ಜಡಿದು ಆಗಲೇ ಬಂದಿದ್ದಳು. ಅರವತ್ತನೆಯ ಮುಷ್ಟಿ ಬಂತು. ಅವಳು ಕೈ ಬಿಗಿಯುವ ಮೊದಲೇ ಕೈ ಬಿಗಿದುಕೊಂಡಿತು. ಬಿಡಿಸಲು ನೋಡಿದಳು. ಬರಲಿಲ್ಲ. ಅವಳ ಸರದಿಯನ್ನು ಅದು ಕಿತ್ತುಕೊಂಡಿತ್ತು. ಹತ್ತು ಎಣಿಸುವಷ್ಟು ಹೊತ್ತು ಅವಳ ಕೈ ಅವಳದಾಗಿರಲಿಲ್ಲ. ಆಮೇಲೆ ತಾನಾಗಿ ಸಡಿಲವಾಯಿತು.

ಆಗ ಬಸುರಿ ಉಸಿರು ಬಿಗಿಹಿಡಿದಳು. ಒಮ್ಮೆ. ಎರಡು ಸಲ. ಎಡಗೈಯವನು ಸೇರಿಕೊಂಡ, ಹಲ್ಲುನೋವಿನವನು ಸೇರಿಕೊಂಡ. ಮೂರನೆಯ ಸಲ ಅಷ್ಟೂ ಜನ ಉಸಿರು ಕಟ್ಟಿ ನಿಂತರು. ಮೂರು ಸಲ ಎಂದರೆ ಹೊರಡೋಣ ಎಂದು ಮೊದಲೇ ಕಾಗದದಲ್ಲಿ ಗೊತ್ತಾಗಿತ್ತು. ಇವತ್ತೇ ಎಂದು ಯಾವ ಸರ್ಕಾರವೂ ಹೇಳಲಿಲ್ಲ, ಯಾವ ಕಾಗದವೂ ಬರಲಿಲ್ಲ.

"ಇವತ್ತೇ ಹೋಗ್ತಾ ಇದ್ದಾರೆ," ಎಂದಳು ಮದ್ದಕ್ಕ. "ಈಗಲೇ."

ತಮ್ಮನ ಹೆಂಡತಿಯ ಮುಖ ಬಿಳಿಚಿತು. "ಎಲ್ಲಾರೂ ಒಟ್ಟಿಗೆ ಒಳಗೆ ಹೋದ್ರೆ ಹಿಡ್ಕೊಳ್ಳೋರು ಯಾರು ಅಕ್ಕಾ?"

"ನೀನು ಹಗ್ಗ ಹಿಡ್ಕೋ."

"ನೀವು ನಿಂತ್‌ಬಿಟ್ರೆ?"

"ಎಳಿ. ಕಾಲು ಮುರಿದ್ರೂ ಪರವಾಗಿಲ್ಲ, ಎಳಿ." ಹಾಗೆ ಹೇಳಿದಳೇ ಹೊರತು ಅವಳ ಹಲ್ಲು ಕಟಕಟ ಅನ್ನುತ್ತಿತ್ತು. ಮೇಷ್ಟ್ರು ಹಗ್ಗಕ್ಕೆ ತಮ್ಮ ಎರಡು ಕೈಯನ್ನೂ ಸೇರಿಸಿದರು.

ಗೆರೆ ದಾಟಿದ ಕೂಡಲೇ ವ್ಯತ್ಯಾಸ ತಿಳಿಯಿತು. ಇಷ್ಟು ದಿನ ಬೆನ್ನ ಹಿಂದೆ ಅರ್ಧ ಜನ ಇರುತ್ತಿದ್ದರು. ಇಂದು ಎಲ್ಲರೂ ಅದೇ ಸೆಳವಿನಲ್ಲಿ ಕಾಲಿಟ್ಟಿದ್ದರು. ಯಾರದೋ ಹೆಜ್ಜೆ ತಡೆಯಿತು, ಇವಳದೂ ತಡೆಯಿತು. ಯಾರೋ ಉಚ್ಚೆ ಹೊಯ್ದುಕೊಂಡರು. ತನ್ನದೇ ಇರಬಹುದು, ನೋಡಿಕೊಳ್ಳಲಿಲ್ಲ. ತಮ್ಮನನ್ನು ದಾಟಿ, ಟಯರಿನ ಗೋಡೆ ಬಳಸಿ, ಗೂಟದ ಬುಡಕ್ಕೆ ಬಂದು ಕುಕ್ಕರಗಾಲಲ್ಲಿ ಕೂತಳು. ಆರು ಕುಳಿಯ ಎಳೆ ಸೇರಿದ ಒಂದೇ ಬತ್ತಿ. ಒಂದೂವರೆ ಮೀಟರು, ಮೂರು ನಿಮಿಷ. ಎಲ್ಲ ಊರಲ್ಲೂ ಅದೇ ಅಳತೆ. ಮೂರು ಸಲ ಒಟ್ಟಿಗೆ ಉಸಿರು ಬಿಡುವುದು, ಮೂರನೆಯದಕ್ಕೆ ಬೆಂಕಿ ತಾಕಿಸುವುದು.

ಕಡ್ಡಿ ಗೀರಿದಳು. ಮೊದಲ ಉಸಿರು ಸರಿಯಾಗಿ ಹೋಯಿತು.

ಎರಡನೆಯದಕ್ಕೆ ಅದು ಕೈ ಹಾಕಿತು. ಎಲ್ಲರೂ ಬಿಡುವ ಹೊತ್ತಿಗೆ ಅದು ಎಳೆದುಕೊಂಡಿತು, ಅರವತ್ತೊಂದು ಎದೆಗಿಂತ ದೊಡ್ಡ ಎದೆಯಿಂದ. ಅರ್ಧ ಜನ ಅದರ ಜೊತೆ ಎಳೆದುಕೊಂಡರು, ಅರ್ಧ ಜನ ಬಿಟ್ಟರು. ಇವಳ ಎದೆ ಎತ್ತಲೂ ಹೋಗದೆ ಕಟ್ಟಿಕೊಂಡಿತು. ಯಾವ ಉಸಿರು ಮನುಷ್ಯರದು, ಯಾವುದು ಅದರದು, ಗೊತ್ತಾಗಲಿಲ್ಲ. ಎಲ್ಲೋ ಒಬ್ಬರ ಕೈ ತಪ್ಪಾಗಿ ಬತ್ತಿಯ ಕಡೆ ಚಾಚಿತು, ಅಲ್ಲೇ ನಿಂತಿತು. ಒಬ್ಬರು ಮುಂಚೆ ಹಚ್ಚಿದರೂ ಮುಗಿಯಿತು. ಬಿದ್ದದ್ದನ್ನು ಉಳಿದವು ಎಬ್ಬಿಸುತ್ತವೆ. ಕಡ್ಡಿ ಉರಿದು ಬೆರಳಿಗೆ ಬರುತ್ತಿತ್ತು. ಎದೆಯವರೆಗೆ ಹುಗಿದಿದ್ದ ಒಬ್ಬ ಮುದುಕಿಯ ಮುಖ ಅವಳ ಮೊಣಕೈಯಷ್ಟು ದೂರದಲ್ಲಿ, ಬಾಯಿ ತೆರೆದು, ಅದೇ ದೊಡ್ಡ ಉಸಿರನ್ನು ಎಳೆದುಕೊಳ್ಳುತ್ತಿತ್ತು.

ಮದ್ದಕ್ಕ ಉರಿಯುವ ಕಡ್ಡಿಯನ್ನು ತನ್ನ ಎಡ ಅಂಗೈಗೆ ಒತ್ತಿದಳು.

ನೋವು ಮಿಂಚಿನಂತೆ ಹೋಯಿತು. ಅರವತ್ತು ಕಡೆ ಅರವತ್ತು ಎಡಗೈ ಹಿಂದಕ್ಕೆ ಚಿಮ್ಮಿದವು. ಬಾಯಿಗಳೆಲ್ಲ ಒಟ್ಟಿಗೆ "ಹಾ!" ಎಂದು ಉಸಿರು ಚೆಲ್ಲಿದವು. ಅದೊಂದು ಚೆಲ್ಲಲಿಲ್ಲ. ಸುಟ್ಟರೆ ಏನು ಮಾಡಬೇಕೆಂದು ಅದು ಯಾರಿಂದಲೂ ಕಲಿತಿರಲಿಲ್ಲ. ಉಪ್ಪು ಬಿದ್ದ ಬಸವನಹುಳದಂತೆ ಒಳಗೊಳಗೇ ಮುದುಡಿಕೊಂಡಿತು. ಅದು ಹೆದರಿತು. ಅದರ ಹೆದರಿಕೆಯ ಮುಂದೆ ಅವಳದು ಚಿಕ್ಕದಾಗಿ ಕಂಡಿತು.

ಇದೇ ಹೊತ್ತು ಎಂದು ಯಾರೂ ಹೇಳಬೇಕಾಗಲಿಲ್ಲ. ಇನ್ನೊಂದು ಕಡ್ಡಿ ಗೀರಿದಳು, ಅವಳ ಜೊತೆ ಎಲ್ಲರೂ ಗೀರಿದರು. ಉಸಿರು ಒಳಗೆ, ಉಸಿರು ಹೊರಗೆ, ಬೆಂಕಿ. ಬೆರಳ ತುದಿಯಲ್ಲಿ ಬತ್ತಿಯ ಬಿಸಿ ಒಂದರ ಮೇಲೊಂದು ಬಂದು ಸೇರಿತು. ಎಣಿಸಲು ಪುರಸೊತ್ತಿರಲಿಲ್ಲ.

ಎದ್ದಳು. ಹತ್ತು ಹೆಜ್ಜೆ ಹೋದಳು. ತಮ್ಮನ ಪಕ್ಕಕ್ಕೆ ಬರುವಷ್ಟರಲ್ಲಿ ಅದು ಚೇತರಿಸಿಕೊಂಡು ಮತ್ತೆ ಕರೆಯಿತು. ಈ ಸಲ ಹಾಸಿಗೆಯಂತಲ್ಲ, ಹೊಂಡದಂತೆ. ಅವಳ ಕಾಲು ನಿಂತವು. ಚಪ್ಪಲಿಯ ಅಡಿಯಲ್ಲಿ ಕಾಂಕ್ರೀಟು ಹಿಟ್ಟಿನಂತೆ ಮೆತ್ತಗಾಗುವುದು ತಿಳಿಯಿತು. ಹಿಂದೆ ಬತ್ತಿ ಸುರ್ ಎನ್ನುತ್ತಿತ್ತು. ಸೊಂಟದ ಹಗ್ಗ ಜಗ್ಗಿತು, ಅವಳು ಬಾಗಿದಳೇ ಹೊರತು ಕಾಲು ಕೀಳಲಿಲ್ಲ. ದೂರದಲ್ಲಿ "ಅಕ್ಕಾ! ಅಕ್ಕಾ!" ಎಂಬ ಕೂಗು. ಅದು ಯಾರನ್ನು ಕರೆಯುತ್ತಿದೆ ಎಂದು ಕೂಡ ಅವಳಿಗೆ ಹೊಳೆಯಲಿಲ್ಲ.

ಆಗ ಬಸುರಿ ನಡೆದಳು. ಜಗತ್ತಿನ ಯಾವುದೋ ಮೂಲೆಯಲ್ಲಿ, ಭಾರದ ಹೊಟ್ಟೆ ಮುಂದೆ ಮಾಡಿಕೊಂಡು, ಸೊಂಟಕ್ಕೆ ಕೈ ಕೊಟ್ಟು, ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಹೊಟ್ಟೆಯ ಕೂಸು ಒದೆಯಿತು. ಅದಕ್ಕೆ ಗೂಟದ ಕರೆ ಕೇಳಿಸಿರಲಿಲ್ಲವೋ ಏನೋ. ಮದ್ದಕ್ಕನ ಕಾಲಿಗೆ ಆ ನಡಿಗೆ ಬಂತು. ಚಪ್ಪಲಿ ಅಲ್ಲೇ ಉಳಿಯಿತು, ಪಾದ ಕಿತ್ತುಬಂತು. ಬಸುರಿಯ ಹಾಗೇ ಕಾಲು ಅಗಲಿಸಿ, ತೂಗುತ್ತ ತೂಗುತ್ತ ಅವಳು ನಿಂತವರ ಸಾಲು ದಾಟಿದಳು. ಉಳಿದದ್ದನ್ನು ಹಗ್ಗ ನೋಡಿಕೊಂಡಿತು. ಕೊನೆಯ ಇಪ್ಪತ್ತು ಮಾರು ಅವಳನ್ನು ಮೂಟೆಯಂತೆ ಎಳೆದುಕೊಂಡರು.

ಸದ್ದು ಕಿವಿಗೆ ಬರುವ ಮೊದಲು ಎದೆಗೆ ಬಂತು. ಒಂದಲ್ಲ, ಆಲಿಕಲ್ಲು ಸುರಿದಂತೆ ಒಂದರ ಹಿಂದೊಂದು ಗುದ್ದು, ಒಂದೇ ಉಸಿರಿನೊಳಗೆ. ಆಮೇಲೆ ಎಲ್ಲ ನಿಂತುಹೋಯಿತು. ಹಲ್ಲುನೋವಿಲ್ಲ, ಆಕಳಿಕೆಯಿಲ್ಲ, ಕೂಸಿನ ಒದೆತವಿಲ್ಲ. ಗೂಟಗಳ ದಾರಿ ಮುಚ್ಚಿತ್ತು, ಮಣಿಗಳ ದಾರಿಯೂ ಅದೇ ಆಗಿತ್ತು. ಮದ್ದಕ್ಕ ಧೂಳಿನಲ್ಲಿ ಮಕಾಡೆ ಬಿದ್ದು ಬಲಗೈ ಬಿಗಿದಳು, ಬಿಟ್ಟಳು, ಬಿಗಿದಳು. ಯಾರೂ ಉತ್ತರ ಕೊಡಲಿಲ್ಲ.

ತಿಂಗಳಾದ ಮೇಲೆ ಜೀಪಿನಲ್ಲಿ ಕಾಗದ ಬಂತು. ಐವತ್ತೊಂಬತ್ತು ಕಡೆ ಮದ್ದು ಸಿಡಿದಿತ್ತು. ಎರಡು ಕಡೆ ಸಿಡಿದಿರಲಿಲ್ಲ. ಜೊತೆಗೆ ಬೇರೆ ಗೂಟಗಳಿಲ್ಲದೆ ಆ ಎರಡೂ ಮರುವಾರ ತಾವೇ ಕುಸಿದವು. ಅಲ್ಲಿ ಹೋಗಿದ್ದವರು ಯಾರು, ಏನಾದರು ಎಂದು ಕಾಗದದಲ್ಲಿ ಇರಲಿಲ್ಲ. ಅವಳು ಅದನ್ನು ಮೂರು ಸಲ ಓದಿಸಿ ಕೇಳಿದಳು.

ಆ ದಿನ ಮಾತ್ರ ಅದಾವುದೂ ಗೊತ್ತಿರಲಿಲ್ಲ. ಧೂಳು ಇಳಿದಾಗ ಗೂಟ ಇದ್ದ ಕಡೆ ಪುಡಿಹಲ್ಲಿನ ಗುಡ್ಡೆಯೊಂದು ಬಿದ್ದಿತ್ತು. ಟಯರಿನ ಗೋಡೆಯ ಈಚೆಯಿಂದ ಮೊದಲು ಒಂದು ಕೆಮ್ಮು ಕೇಳಿತು, ಆಮೇಲೆ ಅಳು, ಆಮೇಲೆ ನಾನೂರು ಜನ ಒಟ್ಟಿಗೆ ಎಚ್ಚೆತ್ತು ತಮ್ಮ ಕಾಲು ಎಲ್ಲಿ ಎಂದು ಕೂಗುವ ಸದ್ದು. ಗೂಟಕ್ಕೆ ಅಂಟಿದ್ದ ಎಂಟು ಜನ ಕೂಗಲಿಲ್ಲ. ಮದ್ದಕ್ಕ ಆ ಕಡೆ ಹೋಗಿ, ಮುದುಕಿಯ ಮುಖಕ್ಕೆ ತನ್ನ ತಲೆವಸ್ತ್ರ ಹೊದಿಸಿ ಬಂದಳು. ಅವರ ಸಾವು ತನ್ನ ಮದ್ದಿನಿಂದಲೋ ಗೂಟದಿಂದಲೋ ಎಂದು ಅವಳು ಯಾರನ್ನೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಕ್ವಾರಿಯವರೆಲ್ಲ ಉಳಿ ಸುತ್ತಿಗೆ ತಂದರು. ಮೆಷಿನ್ನು ತಂದರೆ ಕಾಲೇ ಹೋದೀತು, ಕೈಯಲ್ಲೇ ಬಿಡಿಸಬೇಕಿತ್ತು. ಸುಟ್ಟ ಅಂಗೈಗೆ ಬಟ್ಟೆ ಸುತ್ತಿಕೊಂಡು ಮದ್ದಕ್ಕ ತಮ್ಮನ ಮಂಡಿಯ ಸುತ್ತ ಉಳಿ ಇಟ್ಟಳು. ಅವನ ಹೆಂಡತಿ ಹಿಂದಿನಿಂದ ಅವನನ್ನು ತಬ್ಬಿ ಹಿಡಿದಿದ್ದಳು. ಇಪ್ಪತ್ತೆರಡು ವರ್ಷ ನಡುಗದ ಕೈ ಈಗ ನಡುಗಿ, ಮೊದಲ ಪೆಟ್ಟು ತಪ್ಪಿ ಪಕ್ಕಕ್ಕೆ ಬಿತ್ತು.

"ನಿಧಾನ ಅಕ್ಕಾ, ಅದು ನನ್ ಕಾಲು," ಎಂದ ತಮ್ಮ. ದನಿ ಒಡೆದು ಹೋಗಿತ್ತು. "ಯಾಕಿಷ್ಟು ನಡುಗ್ತಿದ್ದೀಯ?"

"ಹೆದರಿಕೆ ಕಣೋ."

"ಎಲ್ಲಾ ಮುಗೀತಲ್ಲ?"

"ನಂಗೇನು ಗೊತ್ತು? ಬಾಯ್ಮುಚ್ಚಿ ನಿಂತ್ಕೋ."

ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವನ ಬಲಗಾಲು ಬಿಡುಗಡೆಯಾಯಿತು. ಚರ್ಮ ಸೀಳು ಸೀಳಾಗಿ, ಬೆಳ್ಳಗೆ, ಸ್ಪರ್ಶವಿಲ್ಲದೆ, ಆದರೆ ಇಡಿಯಾಗಿ. ಎಡಗಾಲು ಬಿಡಿಸಲು ಇನ್ನೊಬ್ಬ ಕೆಲಸಗಾರ ಕೂತ. ಪಕ್ಕದಲ್ಲಿ ಮಂಡಿಗಿಂತ ಚೂರು ಮೇಲಕ್ಕೆ ಹುಗಿದಿದ್ದ ಕ್ಲೀನರ್ ಆಗಿಂದ ಅವಳನ್ನೇ ನೋಡುತ್ತಿದ್ದ. ಕರೆಯಲು ಅವನಿಗೆ ಸಂಕೋಚ. ಮದ್ದಕ್ಕ ಉಳಿಯ ಮೊನೆಯನ್ನು ಕಲ್ಲಿಗೆ ಉಜ್ಜಿ ಹರಿತ ಮಾಡಿಕೊಂಡು, ಮೊಣಕಾಲಿನ ಮೇಲೆ ತೆವಳಿ ಅವನ ಹತ್ತಿರ ಸರಿದಳು.